ತಲೆಗಿಷ್ಟೋ, ರೇಕ್‌ನಲ್ಲಿ ಪಾಲೋ: ಪೋಕರ್ ಅಫಿಲಿಯೇಟ್ ಕಮಿಷನ್ ಲೆಕ್ಕ

ಆನ್‌ಲೈನ್ ಪೋಕರ್ ಸೈಟುಗಳು ಅಫಿಲಿಯೇಟ್‌ಗಳಿಗೆ, ಅಂದರೆ ತಮ್ಮ ವೆಬ್‌ಸೈಟಿನ ಲಿಂಕ್ ಮೂಲಕ ಆಟಗಾರರನ್ನು ಕಳಿಸಿಕೊಡುವವರಿಗೆ, ಮುಖ್ಯವಾಗಿ ಮೂರು ಬಗೆಯಲ್ಲಿ ದುಡ್ಡು ಕೊಡುತ್ತವೆ. ನಿಮ್ಮ ಲಿಂಕ್ ಒತ್ತಿ ಬಂದು ಹಣ ಕಟ್ಟಿದ ಪ್ರತಿ ಹೊಸ ಆಟಗಾರನಿಗೆ ಒಂದೇ ಸಲ ಇಂತಿಷ್ಟು ಅಂತ ಕೊಟ್ಟು ಲೆಕ್ಕ ಮುಗಿಸುವುದು ಸಿಪಿಎ. ಆ ಆಟಗಾರ ಆಡುವಷ್ಟು ಕಾಲ ಅವನಿಂದ ಸೈಟಿಗೆ ಸಿಗುವ ಆದಾಯದಲ್ಲಿ ಶೇಕಡಾ ಇಷ್ಟು ಅಂತ ತಿಂಗಳು ತಿಂಗಳು ಕೊಡುವುದು ರೆವೆನ್ಯೂ ಶೇರ್. ಅದರಲ್ಲಿ ಸ್ವಲ್ಪ, ಇದರಲ್ಲಿ ಸ್ವಲ್ಪ ಬೆರೆಸಿದ್ದು ಹೈಬ್ರಿಡ್. ಮಾವಿನ ತೋಟವನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಡುವವನಿಗೂ ಕಾಯಿ ಕೊಯ್ದ ಮೇಲೆ ಪಾಲು ತಗೊಳ್ಳುವವನಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು.

ಹೊಸಬರು ಸಾಮಾನ್ಯವಾಗಿ ಅಂಕಿ ನೋಡಿ ಆರಿಸುತ್ತಾರೆ. ಒಂದು ಸೈಟು ಶೇ. 25 ಅನ್ನುತ್ತದೆ, ಇನ್ನೊಂದು ಶೇ. 35 ಅನ್ನುತ್ತದೆ, ಮೂವತ್ತೈದಕ್ಕೆ ಸಹಿ ಬೀಳುತ್ತದೆ. ಆದರೆ ಶೇಕಡಾ ಎಷ್ಟು ಅನ್ನುವುದಕ್ಕಿಂತ ಯಾವುದರ ಶೇಕಡಾ ಅನ್ನುವುದು ಮುಖ್ಯ. ಅದರ ಜೊತೆಗೆ ನಿಮ್ಮ ಓದುಗ ಎಂಥ ಆಟಗಾರ, ಎಷ್ಟು ತಿಂಗಳು ಉಳಿಯುತ್ತಾನೆ ಅನ್ನುವುದನ್ನೂ ನೋಡದೆ ಮಾದರಿ ಆರಿಸಿದರೆ ಅದೂ ಒಂದು ಜೂಜೇ.

ಲೆಕ್ಕಕ್ಕೆ ಇಳಿಯುವ ಮೊದಲು ಕಾನೂನಿನ ಮಾತು. ಭಾರತದಲ್ಲಿ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆಟಗಳನ್ನು ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ ನಿಷೇಧಿಸುತ್ತದೆ. ಆಟ ನಡೆಸುವವರ ಮೇಲಷ್ಟೇ ಅಲ್ಲ, ಅದರ ಜಾಹೀರಾತು ಮಾಡುವವರ ಮೇಲೂ ಶಿಕ್ಷೆಯಿದೆ: ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಫಿಲಿಯೇಟ್ ಮಾಡುವುದು ಜಾಹೀರಾತನ್ನೇ. ಕರ್ನಾಟಕದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆ ಇಂಥ ಆಟಗಳಿಗೆ ಹಾಕಿದ್ದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿದ್ದನ್ನು ನೆನೆದು ಕೆಲವರು ಧೈರ್ಯ ತಂದುಕೊಳ್ಳುತ್ತಾರೆ. ಆ ತೀರ್ಪು ರಾಜ್ಯದ ಕಾನೂನಿನ ಕುರಿತದ್ದು, ಕೇಂದ್ರದ ಹೊಸ ಕಾಯ್ದೆಗೆ ಅದು ಅಡ್ಡಿಯಾಗುವುದಿಲ್ಲ. ಹಾಗಾಗಿ ಭಾರತದ ಆಟಗಾರರನ್ನು ಗುರಿಯಾಗಿಟ್ಟು ಈ ಕೆಲಸ ಮಾಡುವ ಮಾತೇ ಇಲ್ಲ. ಬೆಂಗಳೂರಲ್ಲಿ ಕೂತು ಬ್ರಿಟನ್ನಿನ ಓದುಗರಿಗೆ ಬರೆಯುತ್ತೇನೆ ಅನ್ನುವವರೂ ಮೊದಲು ವಕೀಲರ ಬಳಿ ಹೋಗುವುದು ಲೇಸು. ಮುಂದಿನದೆಲ್ಲ ಪೋಕರ್‌ಗೆ ಪರವಾನಗಿ ಇರುವ ಬ್ರಿಟನ್, ಅಮೆರಿಕದ ನ್ಯೂಜೆರ್ಸಿ, ಮಿಷಿಗನ್, ಕೆನಡಾದ ಒಂಟಾರಿಯೊದಂಥ ಕಡೆ ಇದ್ದುಕೊಂಡು ಮಾಡುವವರ ಲೆಕ್ಕ.

ಶೇಕಡಾ ಹಾಕುವ ಮೊದಲು ಏನೇನು ಹೋಗುತ್ತದೆ

ಪೋಕರ್‌ನಲ್ಲಿ ಆಟಗಾರರು ಒಬ್ಬರಿಗೊಬ್ಬರು ಸೋಲುತ್ತಾರೆಯೇ ಹೊರತು ಸೈಟಿಗಲ್ಲ. ಸೈಟಿನ ಸಂಪಾದನೆ ಎಂದರೆ ರೇಕ್: ಕ್ಯಾಶ್ ಗೇಮ್‌ನಲ್ಲಿ ಪ್ರತಿ ಪಾಟ್‌ನಿಂದ (ಒಂದು ಸುತ್ತಿನಲ್ಲಿ ಎಲ್ಲರೂ ಪಣಕ್ಕಿಟ್ಟ ಒಟ್ಟು ಹಣ) ಸಾಮಾನ್ಯವಾಗಿ ಶೇ. 5ರ ಆಸುಪಾಸು, ಅದಕ್ಕೊಂದು ಮೇಲ್ಮಿತಿ. ಟೂರ್ನಮೆಂಟ್‌ನಲ್ಲಿ ಪ್ರವೇಶದ ಜೊತೆಗೆ ಕಟ್ಟಿಸಿಕೊಳ್ಳುವ ಶುಲ್ಕ. 50+5 ಎಂದು ಬರೆದ ಟೂರ್ನಮೆಂಟ್‌ನಲ್ಲಿ ಐವತ್ತು ಬಹುಮಾನದ ಮೊತ್ತಕ್ಕೆ, ಐದು ಸೈಟಿಗೆ. ನಿಮ್ಮ ಪಾಲು ಹುಟ್ಟುವುದು ಈ ಐದರೊಳಗಿನಿಂದ.

ಆದರೆ ಒಪ್ಪಂದದಲ್ಲಿ ಇರುವ ಪದ ರೇಕ್ ಅಲ್ಲ, ನಿವ್ವಳ ಆದಾಯ. ಒಬ್ಬ ಆಟಗಾರ ಒಂದು ತಿಂಗಳಲ್ಲಿ 100 ಡಾಲರ್ ರೇಕ್ ಕೊಟ್ಟ ಎಂದುಕೊಳ್ಳಿ. ಅವನಿಗೆ ಸೈಟು ವಾಪಸ್ ಕೊಡುವ ರೇಕ್‌ಬ್ಯಾಕ್ 25, ಬೋನಸ್ಸು ಮತ್ತು ಉಚಿತ ಟಿಕೆಟ್ಟು 10. ಉಳಿದದ್ದು 65. ಅದರ ಮೇಲೆ ಶೇ. 20 ಗೇಮಿಂಗ್ ತೆರಿಗೆ ಎಂದು 13 ಕಳೆದರೆ 52. ಕಾರ್ಡು, ವಾಲೆಟ್ಟುಗಳ ವೆಚ್ಚ ಮತ್ತು ಆಡಳಿತ ಶುಲ್ಕ 5 ಹೋದರೆ 47. ಇದಕ್ಕೆ ನಿಮ್ಮ ಶೇ. 30 ಹಾಕಿದರೆ ಬರುವುದು 14 ಡಾಲರ್ 10 ಸೆಂಟ್. ಮೂವತ್ತು ಪರ್ಸೆಂಟ್ ಅಂತ ಸಹಿ ಹಾಕಿದ್ದು, ರೇಕ್ ಲೆಕ್ಕದಲ್ಲಿ ಕೈಗೆ ಬಂದದ್ದು ಹದಿನಾಲ್ಕು.

ಈ ಕಳೆಯುವ ಸಾಲುಗಳಲ್ಲಿ ಯಾವುದೂ ನಿಮ್ಮ ಹಿಡಿತದಲ್ಲಿಲ್ಲ. ಬ್ರಿಟನ್ನಿನ ಆನ್‌ಲೈನ್ ಜೂಜಿನ ತೆರಿಗೆ, ಅಂದರೆ ರಿಮೋಟ್ ಗೇಮಿಂಗ್ ಡ್ಯೂಟಿ, 2019ರಿಂದ ಶೇ. 21 ಇತ್ತು, 2025ರ ನವೆಂಬರ್ ಬಜೆಟ್ಟು ಅದನ್ನು 2026ರ ಏಪ್ರಿಲ್‌ನಿಂದ ಶೇ. 40 ಮಾಡಿತು. ಮೇಲಿನ ಲೆಕ್ಕದಲ್ಲೇ 20ರ ಬದಲು 40 ಹಾಕಿ ನೋಡಿ: 65ರಲ್ಲಿ 26 ತೆರಿಗೆ, 5 ವೆಚ್ಚ, ಉಳಿದದ್ದು 34, ನಿಮ್ಮ ಪಾಲು 10 ಡಾಲರ್ 20 ಸೆಂಟ್. ಒಪ್ಪಂದದಲ್ಲಿ ಒಂದಕ್ಷರ ಬದಲಾಗದೆ ಆದಾಯದ ಕಾಲುಭಾಗಕ್ಕಿಂತ ಹೆಚ್ಚು ಹೋಯಿತು. ನ್ಯೂಜೆರ್ಸಿಯೂ 2025ರ ಜುಲೈನಿಂದ ತನ್ನ ಇಂಟರ್ನೆಟ್ ಗೇಮಿಂಗ್ ತೆರಿಗೆಯನ್ನು ಶೇ. 15ರಿಂದ ಶೇ. 19.75ಕ್ಕೆ ಏರಿಸಿದೆ. ಸಿಪಿಎ ತಗೊಂಡವನಿಗೆ ಈಗಾಗಲೇ ಕೈಸೇರಿದ ದುಡ್ಡಿನ ಮೇಲೆ ಇಂಥ ಏರಿಕೆಯ ಬಿಸಿ ತಟ್ಟುವುದಿಲ್ಲ. ಮುಂದಿನ ಒಪ್ಪಂದದಲ್ಲಿ ತಲೆಗೆ ಕೊಡುವ ದರ ಇಳಿಯಬಹುದು, ಅಷ್ಟೇ. ಅದಕ್ಕೇ ಸಹಿಗೆ ಮುಂಚೆ ಒಂದು ಮಾದರಿ ವರದಿ ಕೇಳಿ. ಒಬ್ಬ ಆಟಗಾರನ ಒಟ್ಟು ರೇಕ್‌ನಿಂದ ಹಿಡಿದು ಅಫಿಲಿಯೇಟ್ ಪಾಲಿನವರೆಗೆ ಪ್ರತಿ ಕಡಿತವೂ ಬೇರೆ ಬೇರೆ ಸಾಲಿನಲ್ಲಿ ಕಾಣಬೇಕು. ಬರೀ ನಿವ್ವಳ ಆದಾಯದ ಒಂದೇ ಅಂಕಿ ತೋರಿಸುವ ಸೈಟಿನಲ್ಲಿ ಶೇ. 40 ಕೊಟ್ಟರೂ ಏನು ಕೊಟ್ಟರು ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಹಳೆಯ ಅಫಿಲಿಯೇಟ್‌ಗಳೂ ಕಡೆಗಣಿಸುವಂಥದ್ದು. ಒಂದು ಪಾಟ್‌ನಿಂದ ತೆಗೆದ ರೇಕ್ ಅನ್ನು ಯಾವ ಆಟಗಾರನ ಹೆಸರಿಗೆ ಬರೆಯುತ್ತಾರೆ? ಆರು ಜನರ ಟೇಬಲ್, 1-2 ಡಾಲರ್ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಪಣ). ಇಬ್ಬರು ತಲಾ 28 ಡಾಲರ್ 50 ಸೆಂಟ್ ಹಾಕಿ ಕೊನೆತನಕ ಹೋದರು. ಎರಡು ಬ್ಲೈಂಡ್‌ಗಳ 1 ಮತ್ತು 2 ಡಾಲರ್ ಪಾಟ್‌ನಲ್ಲೇ ಉಳಿದವು. ಇನ್ನಿಬ್ಬರು ಏನೂ ಹಾಕದೆ ಎಲೆ ಬಿಟ್ಟರು. ಪಾಟ್ 60, ರೇಕ್ 3 ಡಾಲರ್. ಎಲೆ ಹಂಚಿಸಿಕೊಂಡವರಿಗೆಲ್ಲ ಸಮನಾಗಿ ಬರೆಯುವ ಪದ್ಧತಿಯಲ್ಲಿ ಆರೂ ಜನಕ್ಕೆ 50 ಸೆಂಟ್. ಪಾಟ್‌ಗೆ ದುಡ್ಡು ಹಾಕಿದ ನಾಲ್ವರಿಗೆ ಸಮನಾಗಿ ಬರೆದರೆ ತಲಾ 75 ಸೆಂಟ್. ಹಾಕಿದ ಪ್ರಮಾಣಕ್ಕೆ ತಕ್ಕಂತೆ ಬರೆದರೆ ಕೊನೆಯ ಇಬ್ಬರಿಗೆ ತಲಾ 142.5 ಸೆಂಟ್, ಬ್ಲೈಂಡ್‌ಗಳಿಗೆ 10 ಮತ್ತು 5 ಸೆಂಟ್, ಎಲೆ ಬಿಟ್ಟವರಿಗೆ ಸೊನ್ನೆ. ನಿಮ್ಮ ಲೇಖನಗಳು ತಂತ್ರ ಓದಿಕೊಂಡು, ಹತ್ತು ಟೇಬಲ್ ತೆರೆದು, ಹೆಚ್ಚಿನ ಎಲೆ ಬಿಟ್ಟು ಕಾಯುವ ಆಟಗಾರರನ್ನು ಕರೆತರುತ್ತಿದ್ದರೆ ಮೂರನೆಯ ಪದ್ಧತಿಯಲ್ಲಿ ಅವರ ರೇಕ್ ನೀವು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಕಾಣುತ್ತದೆ. ಇನ್ನು ಕೆಲವು ನೆಟ್‌ವರ್ಕ್‌ಗಳು ಸೋತವನ ದುಡ್ಡೇ ರೇಕ್‌ನ ಮೂಲ ಎಂದು ನೋಡಿ, ಗೆಲ್ಲುವವನ ಹೆಸರಿಗೆ ಇನ್ನೂ ಕಡಿಮೆ ಬರೆಯುತ್ತವೆ. ಅಲ್ಲಿ ಒಳ್ಳೆಯ ಆಟಗಾರರನ್ನು ತಂದಷ್ಟೂ ನಿಮಗೆ ಕಡಿಮೆ.

ಇಪ್ಪತ್ತು ಆಟಗಾರರ ಲೆಕ್ಕ

ಈಗ ಮಾದರಿಗಳನ್ನು ಪಕ್ಕಪಕ್ಕ ಇಡೋಣ. ಇದು ಊಹೆಯ ಲೆಕ್ಕ, ಆದರೆ ಅನುಪಾತಗಳು ಅಸಹಜವಲ್ಲ. ಒಂದು ತಿಂಗಳಲ್ಲಿ ನಿಮ್ಮ ಲಿಂಕ್‌ನಿಂದ 20 ಜನ ಮೊದಲ ಸಲ ಹಣ ಕಟ್ಟಿದರು. ಅವರಲ್ಲಿ 12 ಜನ ಹವ್ಯಾಸಿಗಳು. ಮೂರು ತಿಂಗಳಲ್ಲಿ ತಲಾ ಒಟ್ಟು 60 ಡಾಲರ್ ರೇಕ್ ಕೊಟ್ಟು ಕಾಣೆಯಾಗುತ್ತಾರೆ. 6 ಜನ ವಾರಾಂತ್ಯದವರು. ತಿಂಗಳಿಗೆ ತಲಾ 40ರಂತೆ ಎಂಟು ತಿಂಗಳು ಆಡುತ್ತಾರೆ. 2 ಜನ ಗ್ರೈಂಡರ್‌ಗಳು, ಅಂದರೆ ಪೋಕರನ್ನು ಕೆಲಸದಂತೆ ಬಿಡದೆ ಆಡುವವರು. ತಿಂಗಳಿಗೆ ತಲಾ 400 ಡಾಲರ್ ರೇಕ್, ಎರಡು ವರ್ಷ. ರೇಕ್‌ಬ್ಯಾಕ್ ಕಡಿಮೆ ಇರುವ ಮೊದಲ ಎರಡು ಗುಂಪಿನಲ್ಲಿ ರೇಕ್‌ನ ಶೇ. 60 ನಿವ್ವಳವಾಗಿ ಉಳಿಯುತ್ತದೆ, ಗ್ರೈಂಡರ್‌ಗಳಲ್ಲಿ ಶೇ. 45 ಎಂದಿಟ್ಟುಕೊಳ್ಳಿ.

ಸಿಪಿಎ ತಲೆಗೆ 80 ಡಾಲರ್. ಹವ್ಯಾಸಿಗಳಲ್ಲಿ ನಾಲ್ವರು ಸೈಟಿನ ಅರ್ಹತೆಯ ಷರತ್ತು ಮುಟ್ಟಲಿಲ್ಲ, ಹಾಗಾಗಿ 16 ಜನರಿಗೆ 1,280 ಡಾಲರ್. ಎರಡು ಮೂರು ತಿಂಗಳಲ್ಲಿ ಕೈಗೆ ಬರುತ್ತದೆ.

ರೆವೆನ್ಯೂ ಶೇರ್ ಶೇ. 30. ಹವ್ಯಾಸಿಗಳಿಂದ ಸುಮಾರು 130, ವಾರಾಂತ್ಯದವರಿಂದ ಸುಮಾರು 346; ಈ 18 ಜನ ಸೇರಿ ಕೊಟ್ಟದ್ದು 475 ಡಾಲರ್. ಉಳಿದ ಇಬ್ಬರು ಎರಡು ವರ್ಷದಲ್ಲಿ 2,592 ತರುತ್ತಾರೆ. ಒಟ್ಟು 3,067. ಸಿಪಿಎಯ ಎರಡೂವರೆ ಪಟ್ಟು ಹತ್ತಿರ ಹತ್ತಿರ.

ಆದರೆ ಆ ಇಬ್ಬರೂ ಮೂರೇ ತಿಂಗಳಲ್ಲಿ ಬೇರೆ ಸೈಟಿಗೆ ಹೋದರೆ? ಅವರಿಂದ ಬರುವುದು 324, ಒಟ್ಟು 799. ಸಿಪಿಎಗಿಂತ 480 ಕಡಿಮೆ. ಇಡೀ ಲೆಕ್ಕ ಇಪ್ಪತ್ತರಲ್ಲಿ ಇಬ್ಬರ ಮೇಲೆ ನಿಂತಿದೆ, ಅದರಲ್ಲೂ ಅವರು ಎಷ್ಟು ತಿಂಗಳು ಇರುತ್ತಾರೆ ಅನ್ನುವುದರ ಮೇಲೆ. ಗ್ರೈಂಡರ್‌ಗಳು ಉಳಿದುಕೊಂಡರೂ ರೆವೆನ್ಯೂ ಶೇರ್ 1,280 ದಾಟುವುದು ಎಂಟನೆಯ ತಿಂಗಳಲ್ಲಿ. ಅಲ್ಲಿಯವರೆಗೆ ಹೋಸ್ಟಿಂಗು, ಬರವಣಿಗೆ, ಜಾಹೀರಾತಿನ ಖರ್ಚು ನಿಮ್ಮ ಜೇಬಿನದು. ಗೂಗಲ್‌ನಲ್ಲಿ ದುಡ್ಡು ಕೊಟ್ಟು ಕ್ಲಿಕ್ ಕೊಳ್ಳುವವರು ರೆವೆನ್ಯೂ ಶೇರ್ ಹಿಡಿದು ಸೋಲುವುದು ಇಲ್ಲೇ. ಅವರ ಖರ್ಚು ಈ ತಿಂಗಳು, ವರಮಾನ ಮುಂದಿನ ವರ್ಷ. ಅವರಿಗೆ ಸಿಪಿಎಯೇ ಸರಿ. ಹುಡುಕಾಟದಿಂದ ತಾನಾಗಿ ಓದುಗರು ಬರುವ ಹಳೆಯ ಸೈಟು ಇದ್ದವರಿಗೆ ಕಾಯುವ ಶಕ್ತಿ ಇರುತ್ತದೆ.

ಹೈಬ್ರಿಡ್‌ನಲ್ಲಿ ತಲೆಗೆ 35 ಮತ್ತು ಶೇ. 15 ಎಂದರೆ, ಗ್ರೈಂಡರ್‌ಗಳು ಉಳಿದರೆ 2,094, ಓಡಿದರೆ 960. ಎರಡೂ ಸಂದರ್ಭದಲ್ಲಿ ನಡುವಿನ ಅಂಕಿ. ಮೊದಲ ಸಲ ಕೆಲಸ ಶುರುಮಾಡಿ ತನ್ನ ಓದುಗರ ಅಂದಾಜೇ ಇಲ್ಲದವನಿಗೆ ಇದು ಯೋಗ್ಯ ಅನ್ನಬಹುದು, ಅದೂ ಆರು ತಿಂಗಳ ಮಟ್ಟಿಗೆ. ಸುರಕ್ಷಿತ ಅಂತ ಅದಕ್ಕೇ ಅಂಟಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಆರು ತಿಂಗಳ ವರದಿ ಕೈಯಲ್ಲಿದ್ದರೆ ನಿಮ್ಮ ಹಿಂಡಿನಲ್ಲಿ ಗ್ರೈಂಡರ್ ಎಷ್ಟು ಎಂದು ತಿಳಿದುಹೋಗುತ್ತದೆ.

ಷರತ್ತುಗಳಲ್ಲಿ ಅಡಗಿರುವುದು

ಸಿಪಿಎಯಲ್ಲಿ ಎಡವುವುದು ಅರ್ಹತೆಯ ಷರತ್ತಿನಲ್ಲಿ. ಹಣ ಕಟ್ಟಿದರೆ ಸಾಲದು, 20 ಡಾಲರ್ ಕಟ್ಟಿ 60 ದಿನದೊಳಗೆ 20 ಡಾಲರ್ ರೇಕ್ ಕೊಟ್ಟಿರಬೇಕು ಎನ್ನುವಂಥ ಸಾಲು ಇರುತ್ತದೆ. ಸಣ್ಣ ಟೇಬಲ್‌ಗಳಲ್ಲಿ, ಅಂದರೆ 1-2 ಸೆಂಟ್ ಬ್ಲೈಂಡ್‌ನಲ್ಲಿ ಆಡುವ ಹೊಸಬ 20 ಡಾಲರ್ ರೇಕ್ ಕೊಡಲು ಸಾವಿರಾರು ಸುತ್ತು ಆಡಬೇಕು. ಎರಡು ತಿಂಗಳಲ್ಲಿ ಆಗುವ ಮಾತಲ್ಲ. ತಲೆಗೆ 150 ಎಂದು ಘೋಷಿಸಿ ಷರತ್ತು ಬಿಗಿ ಮಾಡಿದ ಸೈಟಿಗಿಂತ, 70 ಎಂದು ಹೇಳಿ ಬರೀ ಕನಿಷ್ಠ ಠೇವಣಿ ಕೇಳುವ ಸೈಟು ಹೊಸಬರ ಓದುಗರಿಗೆ ಎಷ್ಟೋ ಮೇಲು. ಅಫಿಲಿಯೇಟ್‌ಗಳನ್ನು ನೋಡಿಕೊಳ್ಳುವ ಸೈಟಿನ ಮ್ಯಾನೇಜರನ್ನು ಕೇಳಬೇಕಾದ ಪ್ರಶ್ನೆ ದರದ್ದಲ್ಲ: ಮೊದಲ ಠೇವಣಿ ಕಟ್ಟಿದ ನೂರರಲ್ಲಿ ಎಷ್ಟು ಜನ ಅರ್ಹರಾಗುತ್ತಾರೆ?

ಕೊಟ್ಟ ಸಿಪಿಎ ವಾಪಸ್ ಪಡೆಯುವ ಹಕ್ಕೂ ಸೈಟಿಗೆ ಇರುತ್ತದೆ. ಕಾರ್ಡಿನ ಪಾವತಿ ಹಿಂದಕ್ಕೆ ಹೋದರೆ, ಒಬ್ಬನೇ ಎರಡು ಖಾತೆ ತೆರೆದಿದ್ದರೆ, ಬೋನಸ್ ಬಾಚಿಕೊಂಡು ಹೋಗುವವರೆಂದು ಅನುಮಾನ ಬಂದರೆ ಮುಂದಿನ ತಿಂಗಳ ಲೆಕ್ಕದಲ್ಲಿ ಕಳೆಯುತ್ತಾರೆ. ನಿಮ್ಮ ಲಿಂಕ್‌ನಿಂದ ನೀವೇ ಖಾತೆ ತೆರೆಯುವುದಂತೂ ಬಹುತೇಕ ಎಲ್ಲ ಒಪ್ಪಂದಗಳಲ್ಲೂ ನಿಷಿದ್ಧ.

ರೆವೆನ್ಯೂ ಶೇರ್‌ನ ದೊಡ್ಡ ಗುಂಡಿ ಕ್ಯಾಸಿನೊ, ಅಂದರೆ ಸೈಟಿನ ವಿರುದ್ಧವೇ ಆಡುವ ಆಟಗಳು. ರೇಕ್ ಎಂದೂ ಮೈನಸ್ಸಿಗೆ ಹೋಗುವುದಿಲ್ಲ. ಬೋನಸ್ ಹೆಚ್ಚಾಗಿ ನಿವ್ವಳ ಸ್ವಲ್ಪ ಕೆಳಗಿಳಿಯಬಹುದು, ಅಷ್ಟೇ. ಆದರೆ ಒಂದೇ ಖಾತೆಯಲ್ಲಿ ಪೋಕರ್, ಸ್ಲಾಟ್, ಬ್ಲ್ಯಾಕ್‌ಜಾಕ್ ಎಲ್ಲ ಇರುವ ಸೈಟಿನಲ್ಲಿ ಆದಾಯ ಒಟ್ಟುಗೂಡಿಸಿದರೆ, ನಿಮ್ಮ ಪೋಕರ್ ಆಟಗಾರನೊಬ್ಬ ಬ್ಲ್ಯಾಕ್‌ಜಾಕ್‌ನಲ್ಲಿ 9,000 ಡಾಲರ್ ಗೆದ್ದ ದಿನ ನಿಮ್ಮ ಖಾತೆ ಮೈನಸ್. ಆ ಮೈನಸ್ಸನ್ನು ಮುಂದಿನ ತಿಂಗಳಿಗೆ ಎಳೆಯುವ ಷರತ್ತಿದ್ದರೆ, ಉಳಿದ ಆಟಗಾರರೆಲ್ಲರ ರೇಕ್ ತಿಂಗಳುಗಟ್ಟಲೆ ಆ ಸಾಲಕ್ಕೇ ಜಮೆ. ಎರಡು ವಾಕ್ಯ ಒಪ್ಪಂದದಲ್ಲಿ ಬರಹದಲ್ಲಿರಲಿ: ಪ್ರತಿ ತಿಂಗಳ ಲೆಕ್ಕ ಸೊನ್ನೆಯಿಂದ ಶುರುವಾಗಬೇಕು, ಪೋಕರ್ ಲೆಕ್ಕ ಕ್ಯಾಸಿನೊ ಲೆಕ್ಕದಿಂದ ಬೇರೆ ಇರಬೇಕು. ಮ್ಯಾನೇಜರ್ ಚಾಟ್‌ನಲ್ಲಿ ಸರಿ ಅಂದದ್ದು ಅವನು ಕೆಲಸ ಬಿಟ್ಟ ದಿನ ಮುಗಿಯಿತು.

ಕೋಟಾ ಇದ್ದರೆ ಅದನ್ನೂ ಓದಿ. ಮೂರು ತಿಂಗಳಲ್ಲಿ ಇಷ್ಟು ಹೊಸ ಆಟಗಾರರು ಬರದಿದ್ದರೆ ಶೇಕಡಾ ಇಳಿಯುತ್ತದೆ ಅಥವಾ ಖಾತೆ ಮುಚ್ಚುತ್ತದೆ ಎಂಬ ಸಾಲು ಆಜೀವ ಪಾಲು ಎಂಬ ಮಾತನ್ನು ಸುಳ್ಳಾಗಿಸುತ್ತದೆ.

ಆಜೀವ ಎಂಬುದು ಬೇರೆ ಕಾರಣಕ್ಕೂ ನಂಬತಕ್ಕದ್ದಲ್ಲ. 2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯ ಇಲಾಖೆ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಆ್ಯಬ್ಸೊಲ್ಯೂಟ್ ಪೋಕರ್‌ಗಳ ಡೊಮೇನ್ ಜಪ್ತಿ ಮಾಡಿದಾಗ ಅಮೆರಿಕದ ಆಟಗಾರರ ಮೇಲೆ ಕಟ್ಟಿದ್ದ ಪಾಲಿನ ವರಮಾನ ಒಂದೇ ದಿನದಲ್ಲಿ ನಿಂತಿತು. 2017ರಲ್ಲಿ ಬ್ರಿಟನ್ನಿನ ಸ್ಕೈ ಬೆಟ್ಟಿಂಗ್ ಅಂಡ್ ಗೇಮಿಂಗ್, ಅಫಿಲಿಯೇಟ್‌ಗಳ ತಪ್ಪಿಗೆ ನಿಯಂತ್ರಕರ ಮುಂದೆ ತಾನು ಉತ್ತರ ಕೊಡಬೇಕಾದ ಅಪಾಯವನ್ನು ಮುಂದಿಟ್ಟು ಅಲ್ಲಿನ ತನ್ನ ಅಫಿಲಿಯೇಟ್ ಕಾರ್ಯಕ್ರಮವನ್ನೇ ಮುಚ್ಚಿತು. ಹಾಗಾಗಿ ರೆವೆನ್ಯೂ ಶೇರ್ ತೂಗುವಾಗ ಎರಡು ವರ್ಷದಾಚೆಯ ಆದಾಯವನ್ನು ಲೆಕ್ಕಕ್ಕೇ ಹಿಡಿಯದಿರುವುದು ವಿವೇಕ. ಬಂದರೆ ಬರಲಿ.

ಮಾದರಿಯನ್ನು ಕಾನೂನೇ ಆರಿಸುವ ಕಡೆಗಳೂ ಇವೆ. ನ್ಯೂಜೆರ್ಸಿಯಲ್ಲಿ ತಲೆಗಿಷ್ಟು ಎಂದು ಪಡೆಯುವ ಅಫಿಲಿಯೇಟ್‌ಗೆ ವೆಂಡರ್ ನೋಂದಣಿ ಸಾಕು. ಆದಾಯದಲ್ಲಿ ಪಾಲು ಬೇಕಾದರೆ ಅದಕ್ಕಿಂತ ಮೇಲಿನ ಪರವಾನಗಿ, ಅದರ ಜೊತೆಗೆ ಹಣಕಾಸಿನ ಹಿನ್ನೆಲೆಯ ತಪಾಸಣೆ. ಮಿಷಿಗನ್ನಿನಲ್ಲೂ ಹಾಗೆಯೇ: ಸಿಪಿಎಗೆ ವೆಂಡರ್ ನೋಂದಣಿ, ಪಾಲಿಗೆ ಸಪ್ಲೈಯರ್ ಲೈಸೆನ್ಸ್. ಒಬ್ಬರೇ ನಡೆಸುವ ಸಣ್ಣ ಸೈಟಿಗೆ ಆ ಲೈಸೆನ್ಸಿನ ಖರ್ಚೂ ಕಾಗದಪತ್ರವೂ ಪಾಲಿನ ಲಾಭ ನುಂಗಿಬಿಡುತ್ತವೆ. ನ್ಯೂಜೆರ್ಸಿಯ ಎಡಿಸನ್ನಿನಲ್ಲೋ ಮಿಷಿಗನ್ನಿನ ಡೆಟ್ರಾಯಿಟ್ ಸುತ್ತಲೋ ನೆಲೆಸಿ ಸಂಜೆ ಹೊತ್ತು ಇದನ್ನು ಮಾಡಬೇಕೆಂದಿರುವ ಕನ್ನಡಿಗರಿಗೆ ಆದ್ದರಿಂದ ಮೊದಲ ಉತ್ತರ ಸಿಪಿಎ. ಕೆಲಸದ ವೀಸಾದಲ್ಲಿರುವವರಿಗೆ ಬೇರೆ ಸಂಪಾದನೆಯೇ ತೊಡಕು, ಅದು ಇನ್ನೊಂದು ಕಥೆ. ಒಂಟಾರಿಯೊದಲ್ಲಿ ಬೋನಸ್ಸನ್ನು ಸಾರ್ವಜನಿಕವಾಗಿ ಜಾಹೀರಾತು ಮಾಡುವಂತಿಲ್ಲ. ಬೋನಸ್ ಪಟ್ಟಿ ಹಾಕಿ ಸಿಪಿಎ ಗಳಿಸುವ ಪುಟಗಳು ಅಲ್ಲಿ ನಡೆಯುವುದಿಲ್ಲ.

ಲಿಂಕ್ ಎಣಿಸುತ್ತಿದೆಯೇ

ಯಾವ ಮಾದರಿಯಾದರೂ ಆಟಗಾರ ನಿಮ್ಮ ಹೆಸರಿಗೆ ದಾಖಲಾಗದಿದ್ದರೆ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಲಿಂಕ್ ಒತ್ತಿದವನ ಗುರುತನ್ನು ಬ್ರೌಸರಿನಲ್ಲಿ ಉಳಿಸುವ ಕುಕಿ ಎಷ್ಟು ದಿನ ಇರುತ್ತದೆ ಎಂದು ಕೇಳಿ. 30 ದಿನ ಸಾಮಾನ್ಯ. ಕೊನೆಯ ಕ್ಲಿಕ್ಕಿಗೆ ಮನ್ನಣೆ ಕೊಡುವ ಕಡೆ, ನಿಮ್ಮ ಲೇಖನ ಓದಿ ಮನಸ್ಸು ಮಾಡಿದವನು ಮರುದಿನ ಬೋನಸ್ ಕೋಡ್ ಹುಡುಕಿ ಇನ್ನೊಬ್ಬರ ಲಿಂಕ್ ಒತ್ತಿದರೆ ಅವನು ಅವರ ಆಟಗಾರ. ಮೊಬೈಲ್‌ನಲ್ಲಿ ಲಿಂಕ್ ಒತ್ತಿ ಆ್ಯಪ್ ಸ್ಟೋರಿಗೆ ಹೋದಾಗ ಜಾಡು ತಪ್ಪುವುದು ಬಹಳ. ಅದಕ್ಕೆ ಲಿಂಕಿನ ಜೊತೆ ನಿಮ್ಮದೇ ಸೈನ್‌ಅಪ್ ಕೋಡೂ ಕೇಳಿ ಪಡೆಯಿರಿ, ಪುಟದಲ್ಲಿ ಕಾಣುವಂತೆ ಹಾಕಿ. ತಿಂಗಳಿಗೊಮ್ಮೆ ನಿಮ್ಮ ಪುಟದ ಕ್ಲಿಕ್ಕುಗಳನ್ನು ಸೈಟಿನ ವರದಿಯ ಕ್ಲಿಕ್ಕುಗಳ ಪಕ್ಕದಲ್ಲಿಡಿ. ಹತ್ತರಲ್ಲಿ ಒಂದು ವ್ಯತ್ಯಾಸ ಜಾಹೀರಾತು ತಡೆಯುವ ಸಾಫ್ಟ್‌ವೇರ್‌ನಿಂದ ಬರಬಹುದು. ಹತ್ತರಲ್ಲಿ ನಾಲ್ಕು ಕಾಣೆಯಾದರೆ ಎಲ್ಲೋ ಲಿಂಕ್ ಮುರಿದಿದೆ.

ಪ್ರತಿ ಪುಟಕ್ಕೂ ಬೇರೆ ಟ್ರ್ಯಾಕಿಂಗ್ ಕೋಡ್ ಹಾಕುವುದು ಇದೇ ಕೆಲಸದ ಮುಂದುವರಿಕೆ. ಪೋಕರ್ ಆಡುವುದು ಹೇಗೆ ಎಂಬ ಪುಟದಿಂದ ಬರುವವರು ಹೆಚ್ಚಾಗಿ ಆ ಹನ್ನೆರಡು ಹವ್ಯಾಸಿಗಳ ಗುಂಪಿನವರು. ರೇಕ್ ಹೋಲಿಕೆ, ಟೇಬಲ್ ಸಾಫ್ಟ್‌ವೇರ್, ಟೂರ್ನಮೆಂಟ್ ವೇಳಾಪಟ್ಟಿಯ ಪುಟಗಳಿಂದ ಬರುವವರಲ್ಲಿ ಆ ಇಬ್ಬರು ಗ್ರೈಂಡರ್‌ಗಳಂಥವರು ಇರುತ್ತಾರೆ. ಆರು ತಿಂಗಳ ವರದಿಯಲ್ಲಿ ಇದು ಸ್ಪಷ್ಟವಾದರೆ ಮ್ಯಾನೇಜರನ್ನು ಎರಡು ಯೋಜನೆ ಕೇಳಬಹುದು: ಹೊಸಬರ ಪುಟಗಳ ಕೋಡಿಗೆ ಸಿಪಿಎ, ಉಳಿದವಕ್ಕೆ ರೆವೆನ್ಯೂ ಶೇರ್. ಒಳ್ಳೆಯದನ್ನೆಲ್ಲ ನೀವೇ ಆರಿಸಿಕೊಳ್ಳುತ್ತೀರಿ ಎಂದು ಕೆಲವು ಸೈಟುಗಳು ಒಪ್ಪುವುದಿಲ್ಲ. ಅಂಥ ಕಡೆ ಎರಡು ಸೈಟುಗಳ ಜೊತೆ ಬೇರೆ ಬೇರೆ ಮಾದರಿಗೆ ಸಹಿ ಹಾಕಿ, ಹೊಸಬರ ಪುಟದಲ್ಲಿ ಸಿಪಿಎ ಕೊಡುವ ಸೈಟನ್ನೂ ಗ್ರೈಂಡರ್‌ಗಳ ಪುಟದಲ್ಲಿ ಪಾಲು ಕೊಡುವ ಸೈಟನ್ನೂ ಇಡಬಹುದು. ಆ ಎರಡನೆಯ ಸೈಟಿನಲ್ಲಿ ರೇಕ್‌ಬ್ಯಾಕ್ ನಿಜಕ್ಕೂ ಚೆನ್ನಾಗಿರಬೇಕು, ಇಲ್ಲದಿದ್ದರೆ ಗ್ರೈಂಡರ್ ಮೂರನೆಯ ತಿಂಗಳಿಗೆ ಅಲ್ಲಿರುವುದಿಲ್ಲ.